ತೋಟದ ದಾರಿಗೆ ಯಾವ ಫೋರ್ ವೀಲ್? ಹತ್ತುವುದನ್ನಲ್ಲ, ಇಳಿಯುವುದನ್ನು ನೋಡಿ ಕೊಳ್ಳಿ

ನಮಸ್ಕಾರ. ಕಳಸದ ಹತ್ತಿರ 12 ಎಕರೆ ಕಾಫಿ ತೋಟ ಕೊಂಡಿರುವುದಾಗಿಯೂ, ಡಾಂಬರು ಮುಗಿದ ಮೇಲೆ 3 ಕಿ.ಮೀ. ಮಣ್ಣುದಾರಿ ಮತ್ತು ನಡುವೆ ಒಂದು ಹಳ್ಳ ಇರುವುದಾಗಿಯೂ, ಈಗಿನ ಕಾರನ್ನು ಮಾರಿ 10 ಲಕ್ಷ ರೂಪಾಯಿಯೊಳಗೆ ಒಂದು ಫೋರ್ ವೀಲ್ ಗಾಡಿ, ಅಂದರೆ ನಾಲ್ಕೂ ಚಕ್ರಗಳಿಗೆ ಎಳೆತವಿರುವ ಗಾಡಿ, ಕೊಳ್ಳಬೇಕೆಂದಿರುವುದಾಗಿಯೂ ಬರೆದು, ಮಾರುತಿ ಜಿಮ್ನಿ, ಮಹೀಂದ್ರ ಥಾರ್, ಫೋರ್ಸ್ ಗೂರ್ಖಾಗಳನ್ನು ಹೆಸರಿಸಿದ್ದೀರಿ. ನಿಮ್ಮ ಅಜ್ಜನ ಶಿಕಾರಿ ಜೀಪಿನ ನೆನಪಿಗಾಗಿ ಮೇಲೊಂದು ಸ್ಪಾಟ್‌ಲೈಟನ್ನೂ ಹಿಂದೆ ನಿಂತು ಹಿಡಿದುಕೊಳ್ಳುವ ಕಬ್ಬಿಣದ ಚೌಕಟ್ಟನ್ನೂ ಹಾಕಿಸುವ ಆಸೆಯಿದೆ ಎಂದಿದ್ದೀರಿ. ಇದುವರೆಗೆ ಉತ್ತರಿಸಿದವರೆಲ್ಲ ಯಾವ ಗಾಡಿ ಎಂಥ ಚಡಾವನ್ನು ಹತ್ತುತ್ತದೆ ಎಂಬುದನ್ನೇ ಬರೆದಿದ್ದಾರೆ. ಮೂಡಿಗೆರೆ ಸೀಮೆಯಲ್ಲಿ ಇಂಥದೇ ದಾರಿಯಲ್ಲಿ 22 ವರ್ಷ ಓಡಾಡಿದವನಾಗಿ ನಾನು ಇಳಿಯುವುದರ ಬಗ್ಗೆ ಬರೆಯುತ್ತೇನೆ.

ಮೊದಲು ಶಿಕಾರಿಯ ಮಾತು ಮುಗಿಸಿಬಿಡೋಣ. ಅಜ್ಜನ ಕಾಲ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಪ್ರಾಣಿಯನ್ನು ಕೊಲ್ಲುವುದು ಮಾತ್ರವಲ್ಲ, ಅಟ್ಟುವುದು, ಬಲೆಯೊಡ್ಡುವುದು, ಕೊಲ್ಲಲು ಪ್ರಯತ್ನಿಸುವುದು ಸಹ ಬೇಟೆಯೇ ಆಗುತ್ತದೆ. ಅಪರಾಧಕ್ಕೆ ಬಳಸಿದ ವಾಹನವನ್ನು ಜಪ್ತಿ ಮಾಡಿದರೆ ಅದು ಸರ್ಕಾರದ ಸ್ವತ್ತಾಗುವ ಅವಕಾಶ ಅದೇ ಕಾಯ್ದೆಯ 39ನೇ ಕಲಮಿನಲ್ಲಿದೆ. ತೋಟಕ್ಕೆ ನುಗ್ಗುವ ಕಾಡುಹಂದಿಯ ವಿಷಯದಲ್ಲೂ ಲಿಖಿತ ಅನುಮತಿಯಿಲ್ಲದೆ ಕೋವಿ ಎತ್ತುವಂತಿಲ್ಲ. ಬೆಳೆ ರಕ್ಷಣೆಗೆ ಕೊಟ್ಟ ಕೋವಿಯ ಪರವಾನಗಿಯೂ, ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯೂ ಬೇಟೆಗೆ ಕೊಟ್ಟ ಅನುಮತಿಯಲ್ಲ. ಕಾಡಂಚಿನ ದಾರಿಯಲ್ಲಿ ರಾತ್ರಿ ಸ್ಪಾಟ್‌ಲೈಟ್ ಹೊತ್ತ ಜೀಪು ಕಂಡರೆ ಅರಣ್ಯ ಸಿಬ್ಬಂದಿ ತಡೆಯುತ್ತಾರೆ, ತಡೆಯುವುದು ಅವರ ಕೆಲಸ. ಚೌಕಟ್ಟು, ಬುಲ್ ಬಾರ್‌ಗಳಂಥ ಬದಲಾವಣೆಗಳಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡಬರುತ್ತದೆ. ಆ ಹಣವನ್ನು ಟೈರಿಗೆ ಹಾಕಿ.

ಈಗ ಇಳಿತದ ವಿಷಯ. ಗಾಡಿ ಹತ್ತದಿದ್ದರೆ ಅಲ್ಲೇ ಬಿಟ್ಟು ಕೊಡೆ ಹಿಡಿದು ನಡೆದು ಹೋಗಬಹುದು, ಆದರೆ ಹೊರೆ ಹೇರಿದ ಗಾಡಿ ಇಳಿಯುವಾಗ ನಿಲ್ಲದಿದ್ದರೆ ಕೊರಕಲಿಗೇ ಹೋಗಬೇಕಾಗುತ್ತದೆ. ಹಲವು ವರ್ಷಗಳ ಹಿಂದೆ, ಮೆಣಸಿನ ದರ ಏರಿತೆಂಬ ಆತುರದಲ್ಲಿ, ಪುಷ್ಯ ಮಳೆ ಹಿಡಿದಿದ್ದಾಗಲೇ ಹಿಂದಿನ ಚಕ್ರಗಳಿಗೆ ಮಾತ್ರ ಎಳೆತವಿದ್ದ ನನ್ನ ಪಿಕಪ್ಪಿನಲ್ಲಿ 50 ಕೆ.ಜಿ.ಯ 10 ಚೀಲಗಳನ್ನು ಹೇರಿಕೊಂಡು ಮನೆಯ ಕೆಳಗಿನ ತಿರುವು ಇಳಿದೆ. ಬ್ರೇಕ್ ಒತ್ತಿದ ಕೂಡಲೇ ಮುಂದಿನ ಚಕ್ರಗಳು ತಿರುಗುವುದನ್ನು ನಿಲ್ಲಿಸಿ, ಸ್ಟೇರಿಂಗ್ ಎತ್ತ ತಿರುಗಿಸಿದರೂ ಗಾಡಿ ನೇರವಾಗಿ ಜಾರುತ್ತಾ ಹೋಗಿ, ಒಂದು ಸಿಲ್ವರ್ ಓಕ್ ಮರ ಅಡ್ಡ ಸಿಕ್ಕಿದ್ದರಿಂದ ನಿಂತಿತು. ಗಾಡಿಯದೇನೂ ತಪ್ಪಿರಲಿಲ್ಲ, ಆ ದಾರಿಗೆ ಅದನ್ನು ಆರಿಸಿದವನು ನಾನು.

ಫೋರ್ ವೀಲ್‌ನ ಲೋ ಗೇರ್, ಅಂದರೆ ಎಲ್ಲ ಗೇರುಗಳನ್ನೂ ಇನ್ನಷ್ಟು ನಿಧಾನ ಮಾಡುವ ಹೆಚ್ಚುವರಿ ಗೇರ್, ಇರುವುದು ಹತ್ತುವುದಕ್ಕೆ ಮಾತ್ರವಲ್ಲ, ಇಂಥ ಇಳಿತಕ್ಕೂ. ಲೋ ಹಾಕಿ, ಮೊದಲನೇ ಗೇರಿನಲ್ಲಿ, ಕ್ಲಚ್ಚಿನಿಂದಲೂ ಬ್ರೇಕಿನಿಂದಲೂ ಕಾಲು ತೆಗೆದು ಇಳಿದರೆ ಇಂಜಿನ್ನಿನ ಹಿಡಿತ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತದೆ; ಚಕ್ರಗಳು ನಿಧಾನವಾಗಿ ತಿರುಗುತ್ತಲೇ ಇರುವುದರಿಂದ ಸ್ಟೇರಿಂಗ್ ಮಾತು ಕೇಳುತ್ತದೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಲೋ ಗೇರ್ ಇಲ್ಲದ ಯಾವ ಗಾಡಿ ಇದ್ದರೂ, ಅದರ ಮೇಲೆ ಎಷ್ಟು ದೊಡ್ಡ ಅಕ್ಷರದಲ್ಲಿ ಆಲ್ ವೀಲ್ ಡ್ರೈವ್ ಎಂದು ಬರೆದಿದ್ದರೂ, ಹೊಡೆದು ಹಾಕಿ. ಹಾಗೆಯೇ 2023ರಿಂದ ಹಿಂದಿನ ಚಕ್ರಗಳಿಗೆ ಮಾತ್ರ ಎಳೆತವಿರುವ ಥಾರ್ ಕೂಡ ಮಾರಾಟದಲ್ಲಿದೆ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಬೇಗ ತಿಳಿಯುವುದಿಲ್ಲವಾದ್ದರಿಂದ, ಹಳೆಯ ಗಾಡಿಯಾಗಿ ಕೊಳ್ಳುವಾಗ ಗೇರ್ ಕಡ್ಡಿಯ ಪಕ್ಕದಲ್ಲಿ ಎರಡನೇ ಕಡ್ಡಿ ಇದೆಯೇ ಎಂದು ಮೊದಲು ನೋಡಿ.

ನೀವು ಹೆಸರಿಸಿದ ಗಾಡಿಗಳಲ್ಲಿ ಜಿಮ್ನಿ ಹಗುರವಾದದ್ದು, ಸುಮಾರು 1,200 ಕೆ.ಜಿ. ತೂಗುತ್ತದೆ, 1.5 ಲೀಟರ್ ಪೆಟ್ರೋಲ್ ಇಂಜಿನ್, 210 ಮಿ.ಮೀ. ನೆಲದೆತ್ತರ, ಅಗಲವಿಲ್ಲದ 195 ಮಿ.ಮೀ. ಟೈರು. ಕೆಸರಿನಲ್ಲಿ ಹಗುರವಾಗಿರುವುದೇ ಅರ್ಧ ಬಲ. ಆದರೆ ಸೀಟು ಮಡಿಸದಿದ್ದರೆ ಅದರ ಡಿಕ್ಕಿ 208 ಲೀಟರ್ ಮಾತ್ರ, ಗೊಬ್ಬರದ ಚೀಲ ಹೇರುವ ಗಾಡಿ ಅದಲ್ಲ. ಹೊಸದರ ಬೆಲೆಯೂ 12 ಲಕ್ಷ ದಾಟುವುದರಿಂದ ನಿಮ್ಮ ಲೆಕ್ಕಕ್ಕೆ ಹಳೆಯದೇ ಆಗಬೇಕು. 2020ರಲ್ಲಿ ಬಂದ ಎರಡನೇ ತಲೆಮಾರಿನ ಥಾರ್ ಡೀಸೆಲ್‌ಗೆ 130 ಅಶ್ವಶಕ್ತಿ, 226 ಮಿ.ಮೀ. ನೆಲದೆತ್ತರ, 650 ಮಿ.ಮೀ. ನೀರಿನಲ್ಲಿ ಹಾಯುವ ಸಾಮರ್ಥ್ಯವಿದೆ. ಅದರ ಲೋ ಗೇರ್ ಅನುಪಾತ, ಅಂದರೆ ಲೋ ಹಾಕಿದಾಗ ಗಾಡಿ ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬುದು, ಸುಮಾರು 2.5, ಜಿಮ್ನಿಯದು ಸುಮಾರು 2. ಇಳಿಯುವಾಗ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಆದರೆ ತೂಕ 1,700 ಕೆ.ಜಿ. ಮೀರುವುದರಿಂದ ಒಮ್ಮೆ ಚರಂಡಿಯತ್ತ ಜಾರಿತೆಂದರೆ ನಾಲ್ಕು ಜನ ಸೇರಿ ಎತ್ತಿಡುವ ಮಾತಿಲ್ಲ. ಹಿಂದಿನ ತಲೆಮಾರಿನ 2.5 ಲೀಟರ್ ಸಿಆರ್‌ಡಿಇ ಥಾರ್, ಅದರಲ್ಲೂ ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಎಳೆತ ಸಿಗುವಂತೆ ಹಿಂದಿನ ಡಿಫರೆನ್ಷಿಯಲ್‌ಗೆ ಲಾಕ್ ಇರುವ 2015ರ ನಂತರದ್ದು, ಕೂರಲು ಒರಟಾದರೂ ಹೊರೆಗೆ ಗಟ್ಟಿ. ಫೋರ್ಸ್ ಗೂರ್ಖಾಕ್ಕೆ ಮುಂದೆ ಹಿಂದೆ ಎರಡೂ ಕಡೆ ಲಾಕ್ ಇದೆ, ಈ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ. ಆದರೆ ಹತ್ತಿರದ ಪೇಟೆಯಲ್ಲಿ ಅದನ್ನು ಬಿಚ್ಚಿ ಕಟ್ಟಬಲ್ಲ ಮೇಸ್ತ್ರಿ ಇದ್ದಾನೆಯೇ ಎಂದು ವಿಚಾರಿಸದೆ ಕೊಳ್ಳಬೇಡಿ.

ಇಷ್ಟಾದರೂ ನನ್ನ ಸಲಹೆ ಬೇರೆಯೇ ಇದೆ. ನೀವು ಬೆಂಗಳೂರಿನಿಂದ ತಿಂಗಳಿಗೆ ಎರಡು ಸಲ ಬರುವವರು. ಆ 300 ಚಿಲ್ಲರೆ ಕಿ.ಮೀ.ಗೂ ಕೊನೆಯ 3 ಕಿ.ಮೀ.ಗೂ ಒಂದೇ ಗಾಡಿಯನ್ನು ಹುಡುಕುವುದರಿಂದಲೇ ಇಷ್ಟು ಗೊಂದಲ. ಕಾರನ್ನು ಮಾರಬೇಡಿ, ಡಾಂಬರು ಮುಗಿಯುವಲ್ಲಿ ಯಾರದಾದರೂ ಅಂಗಳದಲ್ಲಿ ನಿಲ್ಲಿಸಲು ಒಪ್ಪಿಸಿಕೊಳ್ಳಿ. ಅಲ್ಲಿಂದ ಮುಂದಕ್ಕೆ ತೋಟದಲ್ಲೇ ಇರುವ ಒಂದು ಹಳೆಯ ಫೋರ್ ವೀಲ್ ಡೀಸೆಲ್ ಜೀಪು, ಮಹೀಂದ್ರ ಎಂಎಂ 540 ಇಲ್ಲವೇ ಮೇಜರ್, ಸಾಕು. ಪೆಟ್ರೋಲ್ ಆಗಬಹುದೆನ್ನುವುದಾದರೆ ಮಾರುತಿ ಜಿಪ್ಸಿ ನೋಡಿ. ತಯಾರಿಕೆ ನಿಂತು ವರ್ಷಗಳಾದರೂ ಬಿಡಿಭಾಗ ಸಿಗುತ್ತದೆ, ಸಾಫ್ಟ್ ಟಾಪ್ ಆದರೆ ತೂಕವೂ 1,000 ಕೆ.ಜಿ. ಮೀರುವುದಿಲ್ಲ. ಹಳೆಯ ಡೀಸೆಲ್ ಜೀಪಿನಲ್ಲಿ ಇಲಿ ಕಡಿಯಲು ವೈರುಗಳೇ ಕಡಿಮೆ, ಬ್ಯಾಟರಿ ಸತ್ತರೆ ಇಳಿಜಾರಿನಲ್ಲಿ ಬಿಟ್ಟು ಚಾಲೂ ಮಾಡಬಹುದು, ಕಳಸ, ಬಾಳೆಹೊನ್ನೂರು, ಕೊಪ್ಪ ಎಲ್ಲಿ ಹೋದರೂ ಅದರ ಒಳಗುಟ್ಟು ಬಲ್ಲವರಿದ್ದಾರೆ. ಗಾಡಿ ಗಿಡ್ಡವಾಗಿರುವುದರಿಂದ ಇನ್ನೊಂದು ಲಾಭವಿದೆ: ದಾರಿಯಲ್ಲಿ ಆನೆ ನಿಂತಿದ್ದರೆ ಹಾರ್ನ್ ಮಾಡದೆ, ಲೈಟು ಆಡಿಸದೆ, ಹಿಂದಕ್ಕೆ ತೆಗೆದುಕೊಂಡು ಹೋಗಿ ತಿರುಗಿಸಿಕೊಳ್ಳಲು ಉದ್ದದ ಪಿಕಪ್ಪಿಗಿಂತ ಸುಲಭ. ಎರಡು ವಾರ ನಿಲ್ಲುವ ಗಾಡಿಯಾದ್ದರಿಂದ ಹೊರಡುವಾಗ ಬ್ಯಾಟರಿಯ ಟರ್ಮಿನಲ್ ಕಳಚಿಟ್ಟು ಬರುವುದನ್ನು ರೂಢಿ ಮಾಡಿಕೊಳ್ಳಿ.

ಹಳೆಯ ಜೀಪು ಕೊಳ್ಳುವಾಗ ಬಣ್ಣ ನೋಡಿ ಮರುಳಾಗಬೇಡಿ. ಮಲೆನಾಡಿನ ಜೀಪಿಗೆ ರೋಗ ಹಿಡಿಯುವುದು ಅಡಿಯಿಂದ. ಪಟ್ಟೆ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ತುಕ್ಕು ತಿಂದಿದ್ದರೆ ಸದ್ದಿನಲ್ಲೇ ತಿಳಿಯುತ್ತದೆ. ಮುಂದಿನ ಆಕ್ಸಲಿನ ಗಿಣ್ಣಿನಲ್ಲಿ, ಅಂದರೆ ಚಕ್ರ ಎಡಬಲಕ್ಕೆ ತಿರುಗುವ ಕೀಲಿನಲ್ಲಿ, ಎಣ್ಣೆ ಸೋರುತ್ತಿದೆಯೇ ನೋಡಿ. ಪೆಟ್ರೋಲ್ ಆಗಿದ್ದುದಕ್ಕೆ ಡೀಸೆಲ್ ಇಂಜಿನ್ ಕೂರಿಸಿದ ಜೀಪುಗಳು ಎಷ್ಟೋ ಇವೆ. ಆರ್‌ಸಿಯಲ್ಲಿ ಇಂಧನವೂ ಇಂಜಿನ್ ನಂಬರೂ ತಿದ್ದುಪಡಿಯಾಗಿಲ್ಲದಿದ್ದರೆ ದರ ಎಷ್ಟೇ ಕಡಿಮೆಯಿದ್ದರೂ ಬಿಟ್ಟುಬಿಡಿ. 15 ವರ್ಷ ದಾಟಿದ್ದರೆ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನೂ ಕೇಳಿ.

ಟೈರಿನ ಬಗ್ಗೆ ಎರಡು ಮಾತು. ನಮ್ಮ ಕೆಂಪು ಜೇಡಿಗೆ ಅಗಲದ ಟೈರು ಶೋಕಿಯೇ ಹೊರತು ಉಪಯೋಗವಿಲ್ಲ. ಕಿರಿದಾದ, ಆಳದ ಹಲ್ಲಿನ ಟೈರು ಮೇಲಿನ ಲೋಳೆಯನ್ನು ಕತ್ತರಿಸಿ ಗಟ್ಟಿ ನೆಲ ಮುಟ್ಟುತ್ತದೆ. ಆದರೂ ಪುನರ್ವಸುವಿನಿಂದ ಆಶ್ಲೇಷದವರೆಗೆ ಯಾವ ಟೈರಿನ ಹಲ್ಲೂ ತುಂಬಿಹೋಗುವುದರಿಂದ ಚಕ್ರಕ್ಕೆ ಚೈನು ಕಟ್ಟಲೇಬೇಕಾಗುತ್ತದೆ. ಜೀಪಿನೊಂದಿಗೆ ಒಂದು ಜೊತೆ ಚೈನನ್ನೂ ಕೇಳಿ ತೆಗೆದುಕೊಳ್ಳಿ, ಡಾಂಬರು ಮುಟ್ಟುವ ಮೊದಲೇ ಬಿಚ್ಚಿಡಿ. ಫೋರ್ ವೀಲ್ ಕೂಡ ಹಾಗೆಯೇ, ಡಾಂಬರಿನ ಮೇಲೆ ಹಾಕಿಕೊಂಡು ತಿರುವು ತಿರುಗಿಸಿದರೆ ಗೇರ್ ಪೆಟ್ಟಿಗೆಗೆ ಕೇಡು. ಜಿಪ್ಸಿಯಾದರೆ ಮುಂದಿನ ಚಕ್ರಗಳನ್ನು ಎಳೆತಕ್ಕೆ ಜೋಡಿಸುವ ಹಬ್ ಲಾಕ್ ಕೈಯಿಂದ ತಿರುಗಿಸುವಂಥದ್ದೇ ಎಂದು ನೋಡಿ, ಕೆಸರಿಗಿಳಿಯುವ ಮೊದಲೇ ಲಾಕ್ ಮಾಡಿ, ಹೂತ ಮೇಲೆ ಅಲ್ಲ. ಹಳ್ಳವನ್ನು ಮೊದಲು ನಡೆದು ದಾಟಿ ನೋಡಿ, ನೀರು ಮೊಣಕಾಲು ಮೀರಿದ್ದರೆ ಆ ದಿನ ಕಾಯಿರಿ.

ಮಾತುಕತೆ ಮುಗಿಸುವ ಮೊದಲು ಮಾರುವವರನ್ನು ಒಪ್ಪಿಸಿ ಜೀಪನ್ನು ನಿಮ್ಮ ದಾರಿಗೇ ತರಿಸಿಕೊಳ್ಳಿ. ಖಾಲಿ ಜೀಪು ಎಲ್ಲಿಯೂ ಇಳಿಯುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಎಂಟು ಚೀಲ ಮರಳು ಹೇರಿ, ಮಳೆ ಬಂದು ನಿಂತ ಮಾರನೆಯ ಬೆಳಿಗ್ಗೆ, ಲೋ ಗೇರಿನಲ್ಲಿ, ಬ್ರೇಕ್ ಮುಟ್ಟದೆ ಅತಿ ಕಡಿದಾದ ತಿರುವನ್ನು ಇಳಿಸಿ ನೋಡಿ. ಮಧ್ಯದಲ್ಲಿ ಗೇರ್ ಹಾರಿ ನ್ಯೂಟ್ರಲ್‌ಗೆ ಬಂದರೆ ಚೀಲಗಳನ್ನು ಇಳಿಸಿಕೊಂಡು ಜೀಪನ್ನು ಅವರಿಗೇ ಕೊಟ್ಟು ಕಳುಹಿಸಿ.