ಬೋರ್ಡಿಂಗ್ ಲಾಡ್ಜಿಂಗ್‌ನಲ್ಲಿ ಹಲಗೆ ಎಲ್ಲಿದೆ?

ಬ್ಲ್ಯಾಕ್ ಬೋರ್ಡ್ ಅಂದ್ರೆ ಹಲಗೆ, ಸರಿ. ಆದರೆ ಬೋರ್ಡ್ ಎಕ್ಸಾಮ್, ಬೋರ್ಡಿಂಗ್ ಪಾಸ್, ಬೋರ್ಡಿಂಗ್ ಲಾಡ್ಜಿಂಗ್, ಇದೆಲ್ಲ ಒಂದೇ ಪದವಾ ಅಂತ ಕೇಳಿದ್ದೀರಿ.

ಚಿಕ್ಕವನಿದ್ದಾಗ ನನಗೂ ಇದೇ ಗೊಂದಲ. ನಮ್ಮೂರ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲ್ ಮೇಲೆ ಕೆಂಪಕ್ಷರದಲ್ಲಿ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಅಂತ ಬರೆದಿತ್ತು. ಅಷ್ಟು ದೊಡ್ಡ ಬೋರ್ಡ್ ಹಾಕಿದ್ದಾರಲ್ಲ, ಅದಕ್ಕೇ ಬೋರ್ಡಿಂಗ್ ಅಂದುಕೊಂಡಿದ್ದೆ! ಅದು ಊಟ ಮತ್ತು ವಸತಿ ಅಂತ ಗೊತ್ತಾಗಿದ್ದು ಹೈಸ್ಕೂಲಿಗೆ ಬಂದ ಮೇಲೆ.

ಹಳೇ ಇಂಗ್ಲಿಷಿನಲ್ಲಿ ಬೋರ್ಡ್ ಅಂದರೆ ಮರದ ಹಲಗೆ. ಹಲಗೆ ಹಾಕಿ ಊಟಕ್ಕೆ ಕೂರುತ್ತಿದ್ದರು, ಹಾಗಾಗಿ ಊಟದ ಮೇಜೂ ಬೋರ್ಡ್ ಆಯಿತು. ಆಮೇಲೆ ಮೇಜಿನ ಮೇಲಿನ ಊಟಕ್ಕೂ ಅದೇ ಹೆಸರು. ನಮಗೆ ಇದೇನು ವಿಚಿತ್ರ ಅಲ್ಲ. ಮದುವೆ ಅಡುಗೆಯವರನ್ನು 'ಎಲೆಗೆ ಎಷ್ಟು?' ಅಂತ ಕೇಳ್ತೀವಿ. ನಾವು ಕೇಳುವುದು ಬಾಳೆಎಲೆಯ ರೇಟಲ್ಲ, ಅದರ ಮೇಲೆ ಬೀಳುವ ಊಟದ್ದು. ಬೋರ್ಡಿಂಗ್ ಸ್ಕೂಲ್ ಕೂಡ ಹೀಗೇ, ಊಟ ಹಾಕಿ ಇಟ್ಟುಕೊಳ್ಳುವ ಶಾಲೆ. ಬಟ್ಟೆ ಇಡುವ ಕಬೋರ್ಡ್ ಮೊದಲು ಬೀರುವೇ ಆಗಿರಲಿಲ್ಲ, ಕಪ್ಪುಗಳನ್ನು ಜೋಡಿಸಿಡುವ ಮೇಜಾಗಿತ್ತು.

ಅದೇ ಮೇಜಿನ ಸುತ್ತ ಕೂತು ತೀರ್ಮಾನ ಮಾಡುವವರೂ ಬೋರ್ಡ್ ಆದರು. ನಾವು 'ಪೀಠ ತೀರ್ಪು ಕೊಟ್ಟಿತು' ಅನ್ನೋದಿಲ್ವಾ, ಹಾಗೆ. ಬೋರ್ಡ್ ಎಕ್ಸಾಮ್, ಕಾಫಿ ಬೋರ್ಡ್, ಕೆಇಬಿಯ ಕೊನೆಯ ಅಕ್ಷರ, ಎಲ್ಲ ಈ ಸಾಲಿನವು. ಕೆಇಬಿ ಹುಟ್ಟಿದ್ದು 1957ರಲ್ಲಿ. 1999ರಲ್ಲಿ ಅದು ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಬೆಸ್ಕಾಂ, ಹೆಸ್ಕಾಂ ಎಲ್ಲ ಬಂದವು. ನಮ್ಮಮ್ಮನಿಗೆ ಅದ್ಯಾವುದೂ ಲೆಕ್ಕಕ್ಕಿಲ್ಲ. ಕರೆಂಟ್ ಹೋದರೆ ಇವತ್ತಿಗೂ 'ಕೆಇಬಿಯವರಿಗೆ ಫೋನ್ ಮಾಡೋ' ಅಂತಾರೆ.

ಬೋರ್ಡಿಂಗ್ ಪಾಸ್ ದಾರಿ ಸ್ವಲ್ಪ ಬೇರೆ. ಹಡಗಿನ ಪಕ್ಕದ ಗೋಡೆಗೂ ಬೋರ್ಡ್ ಅನ್ನುತ್ತಿದ್ದರು. ಹಡಗಿನ ಬಲಗಡೆಗೆ ಇವತ್ತಿಗೂ ಸ್ಟಾರ್‌ಬೋರ್ಡ್ ಅಂತ ಹೆಸರು. ಅದಕ್ಕೂ ನಕ್ಷತ್ರಕ್ಕೂ ಸಂಬಂಧ ಇಲ್ಲ. ಹಿಂದೆ ಹಡಗು ತಿರುಗಿಸುವ ಹುಟ್ಟು ಆ ಕಡೆ ಇರುತ್ತಿತ್ತು, ಸ್ಟಿಯರಿಂಗ್ ಇದ್ದ ಪಕ್ಕ ಅಂತ ಅದರರ್ಥ. ಆನ್ ಬೋರ್ಡ್ ಅಂದರೆ ಹಡಗಿನ ಮೇಲೆ. ಅದು ರೈಲಿಗೆ, ವಿಮಾನಕ್ಕೆ ಹಬ್ಬಿ, ಈಗ ಬಸ್ ಟಿಕೆಟಿನಲ್ಲಿ 'ಬೋರ್ಡಿಂಗ್ ಪಾಯಿಂಟ್: ಮೆಜೆಸ್ಟಿಕ್' ಅಂತ ಬಂದು ಕೂತಿದೆ.

ಸ್ವಿಚ್ ಬೋರ್ಡ್, ಕೇರಂ ಬೋರ್ಡ್ ಬಿಡಿ, ಅವು ಕಣ್ಣಿಗೆ ಕಾಣುವ ಹಲಗೆಗಳೇ.

ನನಗೆ ಜಾಸ್ತಿ ಇಷ್ಟ ಆಗೋದು ನಮ್ಮ ಕಡೆ ಹುಟ್ಟಿಕೊಂಡ ಅರ್ಥ. ಧರ್ಮಸ್ಥಳಕ್ಕೆ ಹೋಗೋಕೆ ಗಾಡಿ ಮಾತಾಡುವಾಗ ಮೊದಲು ಕೇಳೋದೇ 'ಯೆಲ್ಲೋ ಬೋರ್ಡಾ, ವೈಟ್ ಬೋರ್ಡಾ?' ಅಂತ. ಬಾಡಿಗೆ ಗಾಡಿಗೆ ಹಳದಿ, ಸ್ವಂತದ್ದಕ್ಕೆ ಬಿಳಿ. ಇಂಗ್ಲೆಂಡಿನವರಿಗೆ ಅದು ನಂಬರ್ ಪ್ಲೇಟ್. ಅವರನ್ನು ಹೋಗಿ ಯೆಲ್ಲೋ ಬೋರ್ಡಾ ಅಂತ ಕೇಳಿದರೆ ಹಳದಿ ಹಲಗೆ ಎಲ್ಲಿದೆ ಅಂತ ಸುತ್ತಮುತ್ತ ಹುಡುಕ್ತಾರೆ, ಅಷ್ಟೇ.