ಮೈಕಿನವರ ಮಾತು ಎಲ್ಲಿ ಹೋಯಿತು, ತಮ್ಮಾ?

ಸೇಡಂನಿಂದ ಲೇಖನ ಕಳಿಸಿದ ಗೆಳೆಯರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಅಂತ ನೀವೇ ಬರೆದಿದ್ದೀರಿ, ಹಾಕಿಲ್ಲ. ಲೇಖನ ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಾಂದ್ರೆ ನೀವು ಕೊನೆಯ ಸಾಲಿಗೆ ಹಾರಿ ನಡುವಿನದ್ದನ್ನು ಬಿಟ್ಟುಬಿಡುತ್ತೀರಿ. ನಿಮ್ಮ ವಯಸ್ಸಿನಲ್ಲಿ ನಾನೂ ಹಾಗೇ ಮಾಡುತ್ತಿದ್ದೆ.

ಉತ್ತರವನ್ನು ಈ ಅಂಕಣದಲ್ಲೇ ಕೊಡುತ್ತಿದ್ದೇನೆ. ಇದೇ ವಿಷಯದ ಮೇಲೆ ಈ ವರ್ಷ ನಮಗೆ ಬಂದ ನಾಲ್ಕನೇ ಲೇಖನ ನಿಮ್ಮದು, ನಾಲ್ಕರಲ್ಲೂ ಎಡವಿದ್ದು ಹೆಚ್ಚೂಕಡಿಮೆ ಒಂದೇ ಜಾಗದಲ್ಲಿ. ಬೇರೆ ಓದುಗರಿಗೆ ಗೊತ್ತಾಗಲಿ ಅಂತ ಹೇಳುತ್ತೇನೆ: ನಿಮ್ಮದು ಹನ್ನೊಂದು ಪುಟ. ಆಟದ ಕಾಮೆಂಟರಿಯೊಳಗೆ ಬಣ್ಣ, ಜಾತಿ, ಧರ್ಮ ಹೇಗೆ ನುಸುಳುತ್ತವೆ ಅನ್ನುವುದು ವಿಷಯ. ಲೇಖನ ಅಮೆರಿಕದಲ್ಲಿ ಶುರುವಾಗುತ್ತದೆ. ಸಿಡ್ನಿ, ದುಬೈ ಸುತ್ತಿಕೊಂಡು ಒಂಬತ್ತನೇ ಪುಟಕ್ಕೆ ಕಲಬುರಗಿಗೆ ಬರುತ್ತದೆ. ಇಲ್ಲಿ ನಾಲ್ಕೇ ಸಾಲು ನಿಂತು, ಬಸ್ಸು ತಪ್ಪಿಹೋದೀತು ಅನ್ನುವ ಹಾಗೆ ಮತ್ತೆ ಅಮೆರಿಕಕ್ಕೆ ಓಡುತ್ತದೆ.

ತಲೆಬರಹದಿಂದಲೇ ಶುರು ಮಾಡೋಣ. 'ಕಾಮೆಂಟರಿಯ ಕಪ್ಪು ಮುಖ' ಅಂತ ಇಟ್ಟಿದ್ದೀರಿ. ಬರೆದಿರುವುದು ಬಣ್ಣದ ಮೇಲಿನ ತಾತ್ಸಾರದ ವಿರುದ್ಧ. ಆದರೆ ಕೆಟ್ಟದ್ದಕ್ಕೆ ಹೆಸರು ಬೇಕಾದಾಗ ಕೈಗೆ ಸಿಕ್ಕಿದ್ದು ಕಪ್ಪು! ಕಪ್ಪು ಚುಕ್ಕೆ, ಕರಾಳ ದಿನ, ಮುಖಕ್ಕೆ ಮಸಿ — ಒಳಗೂ ಇವೇ. ನಿಮ್ಮನ್ನು ಬೈಯುತ್ತಿಲ್ಲ, ಭಾಷೆ ಹಾಗೇ ಕೈಗೆ ಬರುತ್ತದೆ. ಕಾಮೆಂಟರಿ ಹೇಳುವವನ ಬಾಯಿಗೂ ಹಾಗೇ ಬರುತ್ತದೆ ಅಲ್ವಾ? ಅವನನ್ನು ತೂಗುವ ಮುಂಚೆ ಇದೊಂದು ನೆನಪಿರಲಿ.

ಮೂರನೇ ಪುಟದ ಒಂದು ಸಾಲಿಗೆ ಕೆಂಪು ಗೀಟು ಹಾಕಿದ್ದೇನೆ. 'ಕಪ್ಪು ಜನರ ರಕ್ತದಲ್ಲೇ ಓಟವಿದೆ, ಅದನ್ನು ಯಾರೂ ಕಸಿಯಲಾರರು.' ಹೊಗಳಿಕೆ ಅಂದುಕೊಂಡು ಬರೆದಿದ್ದೀರಿ. 1988ರ ಜನವರಿಯಲ್ಲಿ 'ಜಿಮ್ಮಿ ದ ಗ್ರೀಕ್' ಅನ್ನುವ ಟಿವಿ ಪಂಡಿತ ಕೆಲಸ ಕಳೆದುಕೊಂಡದ್ದು ಇದೇ ಜಾತಿಯ ಮಾತಿಗೆ. ಗುಲಾಮರ ಕಾಲದಲ್ಲಿ ದಣಿಗಳು ಗಟ್ಟಿಮುಟ್ಟಾದವರನ್ನು ಆರಿಸಿ ಮಕ್ಕಳು ಮಾಡಿಸಿದರು, ಅದಕ್ಕೇ ಕಪ್ಪು ಆಟಗಾರರ ತೊಡೆ ದಪ್ಪ, ಓಟ ಜೋರು ಅಂದಿದ್ದ. ಸಿಬಿಎಸ್ ಚಾನೆಲ್ ಅವನನ್ನು ಕೂಡಲೇ ತೆಗೆಯಿತು. ನೀವು ಅವನನ್ನು 'ಮಾಜಿ ಆಟಗಾರ' ಅಂತ ಬರೆದಿದ್ದೀರಿ, ತಪ್ಪು. ಅವನು ಬೆಟ್ಟಿಂಗಿನ ಲೆಕ್ಕ ಹೇಳುತ್ತಿದ್ದವನು.

ಇದಕ್ಕೆ ಅಮೆರಿಕಕ್ಕೇ ಹೋಗಬೇಕಾಗಿಲ್ಲ. ನಮ್ಮ ರಾಜ್ಯದಲ್ಲೇ ಸರ್ಕಾರಿ ಖರ್ಚಿನಲ್ಲಿ ಈ ನಂಬಿಕೆ ಒಂದು ಯೋಜನೆಯೇ ಆಗಿತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳು ಗೊತ್ತಲ್ಲ? ಮೂಲ ಆಫ್ರಿಕಾದವರು, ಹಾಗಾಗಿ ಒಲಿಂಪಿಕ್ಸಿನಲ್ಲಿ ಓಡಿ ಪದಕ ತರುತ್ತಾರೆ ಅಂತ 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಅಲ್ಲಿಯ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಗ ಕ್ರೀಡಾ ಖಾತೆ ಮಾರ್ಗರೆಟ್ ಆಳ್ವ ಅವರದ್ದು. ಕೆಲವರು ರಾಷ್ಟ್ರಮಟ್ಟದಲ್ಲಿ ಪದಕವನ್ನೂ ಗೆದ್ದರು. 1993ರ ಹೊತ್ತಿಗೆ ಯೋಜನೆ ನಿಂತಿತು, ಮಕ್ಕಳು ಊರಿಗೆ ಹೋದರು. ರಕ್ತದಲ್ಲೇ ಓಟವಿದ್ದಿದ್ದರೆ ಯೋಜನೆ ನಿಂತ ಮೇಲೂ ಓಡುತ್ತಿದ್ದರು. ಓಟಕ್ಕೆ ಬೇಕಾದದ್ದು ಹಾಸ್ಟೆಲು, ಊಟ, ಕೋಚು, ಮುಂದೊಂದು ನೌಕರಿ. ಇದು ನಿಮ್ಮ ಲೇಖನದಲ್ಲಿ ಇರಬೇಕಿತ್ತು.

ಹೊಗಳಿಕೆಯೊಳಗಿನ ಮುಳ್ಳನ್ನು ಎಣಿಸಿಯೂ ತೋರಿಸಿದ್ದಾರೆ. 2020ರಲ್ಲಿ ರನ್‌ರಿಪೀಟ್ ಅನ್ನುವ ಸಂಸ್ಥೆ ಯುರೋಪಿನ ನಾಲ್ಕು ಲೀಗುಗಳ 80 ಫುಟ್‌ಬಾಲ್ ಪಂದ್ಯಗಳ ಇಂಗ್ಲಿಷ್ ಕಾಮೆಂಟರಿ ಕೇಳಿ, ಆಟಗಾರರ ಬಗ್ಗೆ ಆಡಿದ ಸುಮಾರು ಎರಡು ಸಾವಿರ ಮಾತುಗಳನ್ನು ಬರೆದಿಟ್ಟಿತು. ತಿಳಿ ಬಣ್ಣದವರಿಗೆ 'ಬುದ್ಧಿವಂತ', 'ಶ್ರಮಜೀವಿ'. ಕಪ್ಪು ಬಣ್ಣದವರಿಗೆ 'ಬಲ', 'ವೇಗ'. ಬಲದ ಮಾತು ಕಪ್ಪು ಆಟಗಾರರ ವಿಷಯದಲ್ಲಿ ಆರು ಪಟ್ಟಿಗೂ ಜಾಸ್ತಿ. ಯಾರೂ ಯಾರನ್ನೂ ಬೈದಿಲ್ಲ ನೋಡಿ. ಬರೀ ಹೊಗಳಿದ್ದಾರೆ.

ಇದನ್ನು ಮೊದಲ ಸಲ ಓದಿದಾಗ ನಾನು ನಮ್ಮ ಹಳೇ ಸಂಚಿಕೆಗಳ ಗಂಟು ಬಿಚ್ಚಿದೆ. ಮೂವತ್ತು ವರ್ಷದ ಹಿಂದೆ ಶಹಾಬಾದಿನ ಒಂದು ಕಬಡ್ಡಿ ಪಂದ್ಯಕ್ಕೆ ನಾನೇ ಬರೆದ ವರದಿ ಸಿಕ್ಕಿತು. ಒಂದು ಕಡೆ ಕಾಲೇಜು ಹುಡುಗರು, ಇನ್ನೊಂದು ಕಡೆ ಕಲ್ಲಿನ ಗಣಿಯಲ್ಲಿ ದುಡಿಯುವವರ ಮಕ್ಕಳು. ಗೆದ್ದದ್ದು ಗಣಿಯವರು. ನಾನು ಬರೆದದ್ದು: 'ಕಾಲೇಜು ತಂಡದ ಚಾಣಾಕ್ಷ ಆಟ ಎದುರಾಳಿಗಳ ಒರಟು ಬಲದ ಮುಂದೆ ನಡೆಯಲಿಲ್ಲ.' ಆ ತಂಡದವನೊಬ್ಬ ಗೆರೆಯ ಹತ್ತಿರ ಸುಮ್ನೆ ನಿಂತಂತೆ ನಿಂತು, ರೇಡ್ ಬಂದವನನ್ನು ಮೂಲೆಗೆ ಎಳೆದು ಎಳೆದು ಹಿಡಿಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದಕ್ಕಿಂತ ಚಾಣಾಕ್ಷತನ ಇನ್ನೇನು ಬೇಕು? ಕಣ್ಣು ನೋಡಿತ್ತು, ಪೆನ್ನು ಬರೆಯಲಿಲ್ಲ.

ಅಮೆರಿಕದ ಭಾಗ ಚಿಕ್ಕದು ಮಾಡಿ. ಇಡುವುದಾದರೆ ಬಿಡಿಸಿ ಹೇಳಿ. ಡೊನೊವನ್ ಮೆಕ್‌ನಾಬ್ ಅವರನ್ನು ಬರೀ 'ಫುಟ್‌ಬಾಲ್ ಆಟಗಾರ' ಅಂದರೆ ನಮ್ಮ ಓದುಗನ ಕಣ್ಣೆದುರು ಮೆಸ್ಸಿ ಬಂದು ನಿಲ್ಲುತ್ತಾನೆ. ಅದು ಕೈಯಲ್ಲಿ ಚೆಂಡು ಹಿಡಿದು ಆಡುವ ಅಮೆರಿಕನ್ ಫುಟ್‌ಬಾಲ್. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಅಂದರೆ ಆಟ ನಡೆಸುವವನು, ಚೆಂಡು ಯಾರಿಗೆ ಹೋಗಬೇಕು ಅಂತ ಕ್ಷಣದಲ್ಲಿ ತೀರ್ಮಾನಿಸುವವನು. ತಲೆ ಓಡಿಸುವ ಆ ಜಾಗ ಕಪ್ಪು ಆಟಗಾರರಿಗಲ್ಲ ಅನ್ನುವ ನಂಬಿಕೆ ಅಲ್ಲಿ ಬಹಳ ಕಾಲ ಇತ್ತು. 2003ರಲ್ಲಿ ರಶ್ ಲಿಂಬಾ ಅನ್ನುವ ರೇಡಿಯೊ ಮಾತುಗಾರರು ಇಎಸ್‌ಪಿಎನ್ ಕ್ರೀಡಾ ಚಾನೆಲ್ಲಿನಲ್ಲಿ ಕೂತು, ಕಪ್ಪು ಕ್ವಾರ್ಟರ್‌ಬ್ಯಾಕ್ ಒಬ್ಬ ಗೆಲ್ಲಲಿ ಅಂತ ಮಾಧ್ಯಮದವರಿಗೆ ಆಸೆ, ಅದಕ್ಕೇ ಮೆಕ್‌ನಾಬ್‌ರನ್ನು ಯೋಗ್ಯತೆ ಮೀರಿ ಹೊಗಳುತ್ತಾರೆ ಅಂದರು. ಕೆಲವೇ ದಿನದಲ್ಲಿ ರಾಜೀನಾಮೆ ಕೊಟ್ಟರು. ಈ ಹಿನ್ನೆಲೆ ಹೇಳದಿದ್ದರೆ ಅಷ್ಟು ಸಣ್ಣ ಮಾತಿಗೆ ರಾಜೀನಾಮೆ ಯಾಕೆ ಅಂತ ಓದುಗ ಕೇಳುತ್ತಾನೆ. ಹಾಗೆ ಕೇಳಿದರೆ ಅವನ ತಪ್ಪಲ್ಲ.

ಆರನೇ ಪುಟದಲ್ಲಿ ನೀವು ಮಾಡಿದ್ದು ಮಾತ್ರ ನನಗೆ ಸೇರಲಿಲ್ಲ. ಡೀನ್ ಜೋನ್ಸ್, ಈಸಾ ಗುಹಾ, ಹರ್ಭಜನ್ ಸಿಂಗ್, ಮೂವರನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ 'ಮೈಕ್ ಹಿಡಿದ ವಿಷಜಂತುಗಳು' ಅಂದಿದ್ದೀರಿ. ಮೂರೂ ಬೇರೆ ಬೇರೆ.

ಜೋನ್ಸ್ 2006ರಲ್ಲಿ ಕೊಲಂಬೊ ಟೆಸ್ಟಿನಲ್ಲಿ ದಕ್ಷಿಣ ಆಫ್ರಿಕಾದ ಗಡ್ಡಧಾರಿ ಮುಸ್ಲಿಂ ಆಟಗಾರ ಹಾಶಿಮ್ ಆಮ್ಲಾ ಕ್ಯಾಚ್ ಹಿಡಿದಾಗ 'ಭಯೋತ್ಪಾದಕನಿಗೆ ಇನ್ನೊಂದು ವಿಕೆಟ್ ಸಿಕ್ಕಿತು' ಅಂದರು. ಜಾಹೀರಾತು ಬಂದಿದೆ, ಮೈಕ್ ಆಫ್ ಆಗಿದೆ ಅಂದುಕೊಂಡಿದ್ದರು. ಟೆನ್ ಸ್ಪೋರ್ಟ್ಸ್ ಕೆಲಸದಿಂದ ತೆಗೆಯಿತು. ಯಾರೂ ಕೇಳುತ್ತಿಲ್ಲ ಅಂದುಕೊಂಡಾಗ ಬಂದ ಮಾತು ಅದು, ತೂಕ ಇರುವುದೂ ಅದಕ್ಕೇ. ಈಸಾ ಗುಹಾ 2024ರ ಡಿಸೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ಬೂಮ್ರಾರನ್ನು ಹೊಗಳಲು ಹೋಗಿ 'ಅತಿ ಬೆಲೆಯುಳ್ಳ ಪ್ರೈಮೇಟ್' ಅಂದರು. ಮಂಗ, ಗೊರಿಲ್ಲಾಗಳಿಂದ ಹಿಡಿದು ಮನುಷ್ಯರವರೆಗಿನ ಗುಂಪಿಗೆ ಇರುವ ಶಬ್ದ ಅದು. ಮರುದಿನ ಅದೇ ಪರದೆಯ ಮೇಲೆ ಬಂದು ನೇರವಾಗಿ ಕ್ಷಮೆ ಕೇಳಿದರು. ಪಕ್ಕದಲ್ಲಿದ್ದ ರವಿ ಶಾಸ್ತ್ರಿ, ಧೈರ್ಯ ಬೇಕು ಇದಕ್ಕೆ ಅಂದರು. ಆಕೆ ಸ್ವತಃ ಬಂಗಾಳಿ ಮೂಲದವರು. ಇದನ್ನು ನೀವು ಬರೆದೇ ಇಲ್ಲ.

ಹರ್ಭಜನ್ ಮಾತು 2025ರ ಮಾರ್ಚಿನದು, ನಮ್ಮ ಪಕ್ಕದ ಹೈದರಾಬಾದಿನದ್ದೇ ಐಪಿಎಲ್ ಪಂದ್ಯ. ಇಂಗ್ಲೆಂಡಿನ ಕಪ್ಪು ಬೌಲರ್ ಜೋಫ್ರಾ ಆರ್ಚರ್ 4 ಓವರಿಗೆ 76 ರನ್ ಕೊಟ್ಟ ದಿನ. ಲಂಡನ್ನಿನ 'ಕಾಲಿ', ಅಂದರೆ ಕಪ್ಪು, ಟ್ಯಾಕ್ಸಿಯ ಮೀಟರಿನಂತೆ ಆರ್ಚರ್ ಸಾಹೇಬರ ಮೀಟರೂ ಓಡುತ್ತಿದೆ ಅಂತ ಹಿಂದಿಯಲ್ಲಿ ಹಾಸ್ಯ. ಲಂಡನ್ನಿನ ಟ್ಯಾಕ್ಸಿ ಕಪ್ಪಗಿರುವುದು ನಿಜ. ಮೀಟರ್ ಓಡಿದ್ದೂ ನಿಜ. ಆದರೆ ಬಿಳಿ ಬೌಲರ್ 76 ಕೊಟ್ಟಿದ್ದರೆ ಅದೇ ಟ್ಯಾಕ್ಸಿ ನೆನಪಾಗುತ್ತಿತ್ತಾ? ಲೇಖನದಲ್ಲಿ ಈ ಪ್ರಶ್ನೆ ಕೇಳಿ, ಬಿಡಿ. 'ವಿಷಜಂತು' ಅಂದ ಕೂಡಲೇ ಓದುಗನಿಗೆ ಯೋಚಿಸಲು ಏನೂ ಉಳಿಯುವುದಿಲ್ಲ.

ಈಗ ಒಂಬತ್ತನೇ ಪುಟ.

ನೀವು ಬರೆದದ್ದು ಇಷ್ಟು: 'ನಮ್ಮ ಕಲಬುರಗಿಯಲ್ಲೂ ಇಂಥದ್ದು ನಡೆಯುತ್ತದೆ. ಕಳೆದ ಬೇಸಿಗೆ ಟೆನಿಸ್ ಬಾಲ್ ಟೂರ್ನಮೆಂಟ್ ಒಂದರಲ್ಲಿ ಕ್ಯಾಚ್ ಬಿಟ್ಟ ಯುವಕನ ಧರ್ಮವನ್ನು ಕುರಿತು ವೀಕ್ಷಕ ವಿವರಣೆಗಾರರು ಅವಹೇಳನಕಾರಿಯಾಗಿ ಮಾತನಾಡಿದರು. ಪ್ರೇಕ್ಷಕರು ನಕ್ಕರು. ಇದು ಖಂಡನೀಯ.'

'ವೀಕ್ಷಕ ವಿವರಣೆಗಾರರು' ಅಂತೆ! ನಮ್ಮೂರಲ್ಲಿ ಅವರಿಗೆ ಮೈಕಿನವರು ಅಂತಾರೆ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮುಂದೆ ಟ್ರೋಫಿ ಸಾಲಾಗಿ ಇಟ್ಟುಕೊಂಡು, ಅರ್ಧ ಕನ್ನಡ ಅರ್ಧ ದಖನಿ ಹೊಡೆಯುತ್ತಾ, ನಡುನಡುವೆ ಯಾರೋ ಸಿಕ್ಸರಿಗೆ ನೂರು ರೂಪಾಯಿ ಬಹುಮಾನ ಇಟ್ಟಿದ್ದಾರೆ ಅಂತ ಕೂಗುವವರು.

ಅವರು ಆಡಿದ ಮಾತು ಲೇಖನದಲ್ಲಿ ಇಲ್ಲವೇ ಇಲ್ಲ. ಅದು ಸಿಕ್ಕಿದ್ದು ನೀವು ಜೊತೆಗೆ ಕಳಿಸಿದ ಪತ್ರದಲ್ಲಿ, ಅದೂ 'ಸರ್, ನಿಮಗೆ ಗೊತ್ತಿರಲಿ ಅಂತ' ಅನ್ನುವ ಸಾಲಿನ ಕೆಳಗೆ: 'ಏ ಮಿಯಾ, ಯಾರ ಕಡಿಂದ ಆಡ್ಲಾಕತ್ತಿ ಹೇಳಪಾ!'

ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಿಮ್ಮ ಹನ್ನೊಂದು ಪುಟದ ತೂಕ ಆ ಒಂದು ಸಾಲಿಗಿದೆ. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಭಾರತ ಪಾಕಿಸ್ತಾನದ ಎದುರು 10 ವಿಕೆಟ್ಟಿನಿಂದ ಸೋತಾಗ ಒಬ್ಬ ಬೌಲರಿಗೂ ವಿಕೆಟ್ ಸಿಕ್ಕಿರಲಿಲ್ಲ, ಆದರೆ ನೀನು ಯಾರ ಕಡೆಯವನು ಅಂತ ಜನ ಕೇಳಿದ್ದು ಮೊಹಮ್ಮದ್ ಶಮಿಯನ್ನು. ಅದೇ ಪ್ರಶ್ನೆ, ನಮ್ಮ ಮೈದಾನದಲ್ಲಿ, ತಮಾಷೆಯ ದನಿಯಲ್ಲಿ. ಮೈಕಿನವರು ಇದನ್ನು ದುಬೈಯಿಂದ ಕಲಿತರಾ, ಮೊದಲಿಂದಲೂ ಬಾಯಲ್ಲಿತ್ತಾ? ನನಗೂ ತಿಳಿದುಕೊಳ್ಳುವ ಆಸೆ.

ಪತ್ರದಲ್ಲೇ ಇನ್ನೊಂದು ಮಾತು ಬರೆದಿದ್ದೀರಿ: 'ಆ ಹುಡುಗನೂ ನಕ್ಕ ಸರ್.' ಲೇಖನದಲ್ಲಿ ಅದನ್ನು ಯಾಕೆ ಬಿಟ್ಟಿರಿ? ನಕ್ಕನಲ್ಲ, ಹಾಗಾದರೆ ನೋವಾಗಿಲ್ಲ ಅಂತ ಓದುಗ ಅಂದುಕೊಂಡಾನು ಅನ್ನುವ ಅಂಜಿಕೆಯಾ? ಅಂಜಬೇಡಿ. ವೆಸ್ಟ್ ಇಂಡೀಸಿನ ಡ್ಯಾರೆನ್ ಸ್ಯಾಮಿ ನೆನಪಿದೆಯಲ್ಲ. ಸನ್‌ರೈಸರ್ಸ್ ಹೈದರಾಬಾದಿನಲ್ಲಿ ಆಡುವಾಗ ತನ್ನನ್ನು 'ಕಾಲೂ' (ಹಿಂದಿಯಲ್ಲಿ ಕರಿಯ) ಅಂತ ಕರೆಯುತ್ತಿದ್ದರು, ಗಟ್ಟಿಮುಟ್ಟಾದ ಕುದುರೆ ಅಂತ ಅರ್ಥ ಇರಬೇಕು ಅಂದುಕೊಂಡಿದ್ದೆ ಅಂತ 2020ರಲ್ಲಿ ಹೇಳಿದರು. ಎಲ್ಲರೂ ನಗುತ್ತಿದ್ದರು, ತಾನೂ ನಗುತ್ತಿದ್ದೆ ಅಂದರು. ಅವರು ನಕ್ಕದ್ದು ಅರ್ಥ ಗೊತ್ತಿಲ್ಲದೆ. ನಮ್ಮ ಹುಡುಗ ನಕ್ಕದ್ದು ಅರ್ಥ ಗೊತ್ತಿದ್ದು. ಇದರಲ್ಲಿ ಯಾವ ನಗು ಭಾರ ಅಂತ ನೀವು ಹೇಳಬೇಡಿ, ಎರಡನ್ನೂ ಅಕ್ಕಪಕ್ಕ ಇಡಿ, ಸಾಕು.

ಸಿಡ್ನಿಯಲ್ಲಿ ನಮ್ಮ ಬೌಲರ್ ಸಿರಾಜ್‌ಗೆ ಪ್ರೇಕ್ಷಕರು ಬೈದದ್ದಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಅಲ್ಲಿ ಸಿರಾಜ್ ಅಂಪೈರ್ ಹತ್ತಿರ ಹೋದರು, ಆಟ ನಿಂತಿತು, ಆರು ಜನರನ್ನು ಹೊರಗೆ ಕಳಿಸಿದರು. ನಮ್ಮ ಟೂರ್ನಮೆಂಟಿನಲ್ಲಿ ಆ ಹುಡುಗ ಯಾರ ಹತ್ತಿರ ಹೋಗಬೇಕು? ಅಂಪೈರ್ ಅಂದರೆ ಔಟಾಗಿ ಬಂದು ನಿಂತ ಎದುರು ತಂಡದವನು. ಇದನ್ನು ಬರೆಯಿರಿ. ಸಿಡ್ನಿಗೆ ನಾಲ್ಕು ಸಾಲು ಸಾಕು, ಮೈದಾನಕ್ಕೆ ಎರಡು ಪುಟ ಬರಲಿ. ಅದಲು ಬದಲು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಜಾತಿಯ ಬಗ್ಗೆ ಒಂದು ಮಾತು. 'ಜನಾಂಗೀಯ' ಅನ್ನುವ ಶಬ್ದವನ್ನೇ ಎಲ್ಲಕ್ಕೂ ಹೊದಿಸಿದ್ದೀರಿ. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಸೆಮಿಫೈನಲ್ ಸೋತಾಗ ಹರಿದ್ವಾರದ ಹತ್ತಿರ ಹಾಕಿ ಆಟಗಾರ್ತಿ ವಂದನಾ ಕಟಾರಿಯಾ ಅವರ ಮನೆಮುಂದೆ ಪಟಾಕಿ ಹೊಡೆದು ಬೈದದ್ದು ಜಾತಿ ಹಿಡಿದು. ಅದಕ್ಕೆ ಜಾತಿ ನಿಂದನೆ ಅಂತಲೇ ಬರೆಯಿರಿ. ಹಳೇ ಉದಾಹರಣೆ ಬೇಕಾದರೆ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಇದ್ದಾರೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದ ದಲಿತ ಬೌಲರ್. ಪುಣೆಯಲ್ಲಿ ಅವರ ಚೆಂಡು ಮುಟ್ಟುತ್ತಿದ್ದ ತಂಡದವರೇ ಚಹಾ ಮಾತ್ರ ಪೆವಿಲಿಯನ್ ಹೊರಗೆ, ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಕೊಡಿಸುತ್ತಿದ್ದರು. ಬೇಕಿದ್ದರೆ ಸೇರಿಸಿ. ಒತ್ತಾಯವಿಲ್ಲ.

ಮತ್ತೆ ಬರೆಯುವ ಮುಂಚೆ ಆ ಹುಡುಗನನ್ನು ಹುಡುಕಿ ಮಾತಾಡಿಸಿ. ಹೆಸರು ಹಾಕುವುದು ಬೇಡ, ಓಣಿಯ ಹೆಸರೂ ಬೇಡ. ಬರೆಯಲು ಅವನ ಒಪ್ಪಿಗೆ ಮಾತ್ರ ಬೇಕೇಬೇಕು, ಬೇಡ ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಕ್ಯಾಚ್ ಬಿಟ್ಟ ಮೇಲೆ ಅವನು ಎಲ್ಲಿ ನಿಂತು ಫೀಲ್ಡ್ ಮಾಡಿದ, ಮುಂದಿನ ಚೆಂಡು ತನ್ನ ಕಡೆ ಬರಲಿ ಅಂದುಕೊಂಡನಾ, ಬಾರದಿರಲಿ ಅಂದುಕೊಂಡನಾ, ಕೇಳಿ. ಮೈಕಿನವರನ್ನೂ ಕೇಳಿ. ಜಗಳಕ್ಕೆ ಹೋಗಬೇಡಿ, ಒಂದು ಕಪ್ ಚಹಾ ಕುಡಿಸಿ. 'ತಮಾಷಿಗೆ ಅಂದೀನ್ರಿ' ಅಂತಾರೆ, ನೂರಕ್ಕೆ ನೂರು. ಆಗ ಮುಂದಿನ ಕ್ಯಾಚ್ ಬೇರೆಯವನು ಬಿಟ್ಟಾಗ ಏನು ತಮಾಷೆ ಮಾಡಿದಿರಿ ಅಂತ ಕೇಳಿ. ಏನು ಹೇಳಿದರೋ ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ, ಗ್ರಾಂಥಿಕ ಮಾಡಬೇಡಿ.

ಐದು ಪುಟ ಮೀರಬಾರದು. ತಲೆಬರಹ ನಾನು ಇಡುತ್ತೇನೆ. ಶನಿವಾರ ಸಂಜೆ ಆರರ ಮೇಲೆ ಆಫೀಸಿನಲ್ಲಿರುತ್ತೇನೆ, ಸೇಡಂ ಬಸ್ಸಿಗೆ ಬಂದರೆ ರಾತ್ರಿ ವಾಪಸ್ ಹೋಗಬಹುದು. ಟೈಪ್ ಮಾಡಿದ್ದು ಬೇಡ. ಆ ದಿನ ಮೈದಾನದಲ್ಲಿ ಕೂತು ಸ್ಕೋರು ಬರೆದುಕೊಂಡ ನೋಟ್‌ಬುಕ್ ಇದೆ ಅಂದಿದ್ದೀರಲ್ಲ, ಅದನ್ನು ತನ್ನಿ.