ಓದುಗರ ಪ್ರಶ್ನೆ: ತೊಗರಿ ಬೇರು ಬಾಗುವುದು ಎಲ್ಲಿ?

ಪ್ರಶ್ನೆ: ಗಾಜಿನ ಗ್ಲಾಸಿನೊಳಗೆ ಹೀರುಕಾಗದ ಸುತ್ತಿ ತೊಗರಿ ಮೊಳಕೆ ಇಟ್ಟಿದ್ದೆವು. ಗ್ಲಾಸನ್ನು ಅಡ್ಡ ಮಲಗಿಸಿದ ಮೇಲೆ ಕೆಲವು ಬೇರು ಕೆಳಕ್ಕೆ ಬಾಗಿದವು, ಕೆಲವು ಎತ್ತೆತ್ತಲೋ ಹೋದವು, ಎರಡು ಕೊಳೆತವು. ತಪ್ಪಿದ್ದೆಲ್ಲಿ?
– ಶಿಕ್ಷಕಿ, ಸೇಡಂ

ಉತ್ತರ: ಗ್ಲಾಸ್ ಮಲಗಿಸಿದಾಗ ತಳದ ನೀರು ಕಾಳಿನ ಮೇಲೆ ಬಂದಿದೆ. ನೀರಲ್ಲಿ ಮುಳುಗಿದ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕಾಗದ ಗಾಜಿಗೆ ಅಂಟದೆ ಸಂದು ಬಿದ್ದಲ್ಲಿ ತೇವ ಒಂದೇ ಕಡೆ, ಬೇರು ಅತ್ತ ವಾಲುತ್ತದೆ.

ಗ್ಲಾಸ್ ಬಿಟ್ಟು ಹಳೆಯ ಸಿ.ಡಿ. ಡಬ್ಬಿ ಹಿಡಿಯಿರಿ. ಕಿರಾಣಿ ಅಂಗಡಿಯ ಇಡೀ ತೊಗರಿ ಸಾಕು, ನುಸಿ ಹಿಡಿದಿರಬಾರದು ಅಷ್ಟೆ. ಬಿತ್ತನೆಗೆಂದು ಮಾರುವ ಬಣ್ಣದ ಬೀಜಕ್ಕೆ ಔಷಧ ಸವರಿರುತ್ತದೆ, ಮಕ್ಕಳ ಕೈಗೆ ಕೊಡಬೇಡಿ. ಹತ್ತು ಕಾಳನ್ನು 6ರಿಂದ 8 ತಾಸು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಬೇರು 2 ಸೆಂ.ಮೀ. ಆದಾಗ ನೆಟ್ಟಗಿರುವ ನಾಲ್ಕನ್ನು ಆರಿಸಿ. ಡಬ್ಬಿಯಲ್ಲಿ ತೆಳುವಾಗಿ ಒದ್ದೆ ಹತ್ತಿ, ಅದರ ಮೇಲೆ ಹೀರುಕಾಗದ, ಮೇಲೆ ಕಾಳು. ಹತ್ತಿ ಹಿಂಡಿದರೆ ಹನಿ ಬೀಳದಷ್ಟೇ ತೇವ ಇರಲಿ. ಮುಚ್ಚಿ, ರಬ್ಬರ್ ಬ್ಯಾಂಡ್ ಹಾಕಿ, ಬೇರು ಅಡ್ಡ ಬರುವಂತೆ ಡಬ್ಬಿಯನ್ನು ಅಂಚಿನ ಮೇಲೆ ನಿಲ್ಲಿಸಿ. ಬೀರುವಿನ ಕತ್ತಲಲ್ಲೇ ಇಡಿ. ಕಿಟಕಿಯಲ್ಲಿಟ್ಟರೆ ಕುಡಿ ಬಾಗಿದ್ದು ಬೆಳಕಿಗೋ ಗುರುತ್ವಕ್ಕೋ ಹೇಳಲಾಗದು. ಬೇಸಿಗೆಯಲ್ಲಿ ನಿಮ್ಮ ಕಡೆ 40 ಡಿಗ್ರಿ ದಾಟಿದ ದಿನಗಳಲ್ಲಿ ಡಬ್ಬಿಗೆ ಜಾಗ ನೀರಿನ ಮಡಕೆಯ ಪಕ್ಕ.

ಇಡುವ ಮುಂಚೆ ಇನ್ನೊಂದು ಕೆಲಸ. ಇಂಡಿಯನ್ ಇಂಕಿನಲ್ಲಿ ಅದ್ದಿದ ದಾರವನ್ನು ಬೇರಿಗೆ ತಾಗಿಸಿ, ತುದಿಯಿಂದ 2 ಮಿ.ಮೀ.ಗೊಂದು ಗೆರೆ ಎಳೆಯಿರಿ. ಕೆಲವೇ ತಾಸಿನಲ್ಲಿ ಬಾಗು ಕಾಣಿಸುತ್ತದೆ. ಮರುದಿನ ನೋಡಿದರೆ ಕಾಳಿನ ಹತ್ತಿರದ ಗೆರೆಗಳು ಇದ್ದಂತೆಯೇ ಇರುತ್ತವೆ, ತುದಿಯ ಹಿಂದಿನವು ಮಾತ್ರ ದೂರ ಸರಿದಿರುತ್ತವೆ. ಬಾಗುವುದು ಅಲ್ಲೇ, ಬೆಳೆಯುವ ಜಾಗದಲ್ಲಿ. ಬೆಳೆದು ಮುಗಿದ ಭಾಗ ಅಡ್ಡವಾಗಿಯೇ ಉಳಿಯುತ್ತದೆ. ಇಡೀ ಬೇರು ತಿರುಗಬೇಕಿತ್ತು ಎಂದುಕೊಂಡು ಒಳ್ಳೆಯ ಫಲಿತಾಂಶವನ್ನೇ ಎಸೆಯುವವರು ಬಹಳ.

ಎರಡು ಬೇರಿನ ತುದಿಯನ್ನು ಹೊಸ ಬ್ಲೇಡಿನಿಂದ 1 ಮಿ.ಮೀ.ನಷ್ಟು ಕತ್ತರಿಸಿಯೂ ನೋಡಿ. ಅವು ತುಸು ಬೆಳೆಯುತ್ತವೆ, ಆದರೆ ಬಾಗುವುದು ಕಷ್ಟ. ತುದಿಯ ಟೋಪಿಯಲ್ಲಿರುವ ಪಿಷ್ಟದ ಕಣಗಳು ಕೆಳಬದಿಗೆ ಜಾರಿ ಕುಳಿತಾಗಲೇ ಬೇರಿಗೆ ದಿಕ್ಕು ತಿಳಿಯುತ್ತದೆ. ಆಗ ಆಕ್ಸಿನ್ ಎಂಬ ಬೆಳವಣಿಗೆಯ ಹಾರ್ಮೋನು ಕೆಳಬದಿಗೆ ಹೆಚ್ಚು ಹರಿಯುತ್ತದೆ. ಅದು ಬೇರಿನಲ್ಲಿ ಆ ಬದಿಯ ಬೆಳವಣಿಗೆಯನ್ನು ತಡೆದರೆ, ಕಾಂಡದಲ್ಲಿ ಹೆಚ್ಚಿಸುತ್ತದೆ. ಹಾಗಾಗಿ ಒಂದು ಕೆಳಕ್ಕೆ, ಇನ್ನೊಂದು ಮೇಲಕ್ಕೆ.

ಪ್ರಶ್ನೆ: ನೀರು ಕೆಳಗಿದೆ ಅಂತಲೇ ಬೇರು ಕೆಳಗೆ ಹೋಗುತ್ತದೆ ಅಲ್ಲವೇ, ಸರ್?
– 10ನೇ ತರಗತಿ ವಿದ್ಯಾರ್ಥಿ, ಭಾಲ್ಕಿ

ಉತ್ತರ: ಮೇಲಿನ ಡಬ್ಬಿಯಲ್ಲಿ ತೇವ ಎಲ್ಲೆಡೆ ಒಂದೇ ಇದ್ದರೂ ಬೇರು ಕೆಳಗೇ ಹೋಯಿತಲ್ಲ! ಆದರೂ ನೀರಿನ ಸೆಳೆತ ಸುಳ್ಳಲ್ಲ. 4 ಮಿ.ಮೀ. ತೂತಿನ ಸಾಣಿಗೆಯಲ್ಲಿ (ಹಿಟ್ಟಿನದು ಬೇಡ) 3 ಸೆಂ.ಮೀ. ಒದ್ದೆ ಕಟ್ಟಿಗೆ ಹೊಟ್ಟು ಹರಡಿ, ಹೆಸರುಕಾಳು ಹುಗಿದು, ಓರೆಯಾಗಿ ತೂಗುಹಾಕು. ಬೇರು ತೂತಿನಿಂದ ಕೆಳಗಿಳಿದು, ಮತ್ತೆ ತೇವದತ್ತ ತಿರುಗಿ ಸಾಣಿಗೆಗೆ ಅಂಟುತ್ತದೆ. ಮಳೆಗಾಲದ ಒದ್ದೆ ಗಾಳಿಯಲ್ಲಿ ತಿರುಗದೆ ನೆಟ್ಟಗೆ ಇಳಿದೀತು. ಬಿರುಬೇಸಿಗೆಯಲ್ಲಿ ತಿರುಗುವ ಮೊದಲೇ ತುದಿ ಒಣಗೀತು. ಅರ್ಧ ಮುಚ್ಚಿದ ಬಕೆಟ್ಟಿನೊಳಗೆ ತೂಗಿದರೆ ಎರಡೂ ತಪ್ಪುತ್ತವೆ.

ಪ್ರಶ್ನೆ: ಕ್ಲಿನೋಸ್ಟಾಟ್ ಮನೆಯಲ್ಲೇ ಮಾಡಬಹುದೇ?
– ಓದುಗರು, ಸುರಪುರ

ಉತ್ತರ: ಮೊಳಕೆಯನ್ನು ನಿಧಾನವಾಗಿ ಸುತ್ತಿಸುತ್ತಲೇ ಇರುವ ಈ ಸಾಧನಕ್ಕೆ ಹಳೆಯ ಸೆಲ್ ಗಡಿಯಾರ ಸಾಕು. ಗಾಜು, ಸೆಕೆಂಡ್ ಮುಳ್ಳು ತೆಗೆದು, ನಿಮಿಷದ ಮುಳ್ಳಿನ ನಟ್ಟನಡುವೆ ಔಷಧಿ ಬಾಟಲಿಯ ಪುಟ್ಟ ಮುಚ್ಚಳ ಅಂಟಿಸಿ. ಅದರಲ್ಲಿ ಒದ್ದೆ ಹತ್ತಿ, ಬೇರು ಹೊರಚಾಚಿದ ಒಂದೇ ಹೆಸರುಕಾಳು. ಗೋಡೆಗೆ ತೂಗಿ, ಕೋಣೆ ಕತ್ತಲು ಮಾಡಿ, ಆಗಾಗ ನಾಲ್ಕು ಹನಿ ನೀರು ಬಿಡಿ. ಮುಳ್ಳು 9ರ ಬಳಿ ತಡಕಾಡಿ ನಿಂತರೆ ಭಾರ ಒಂದು ಬದಿಗೆ ಜಾಸ್ತಿಯಾಗಿದೆ. ಎದುರು ಬದಿಗೆ ಚೂರು ಜೇಡಿಮಣ್ಣು ಹಚ್ಚಿ. ಪಕ್ಕದಲ್ಲಿ ಸೆಲ್ ತೆಗೆದ ಇನ್ನೊಂದು ಗಡಿಯಾರ ಇರಲೇಬೇಕು, ಇಲ್ಲದಿದ್ದರೆ ಹೋಲಿಕೆಯೇ ಇಲ್ಲ. ನಿಂತದ್ದರಲ್ಲಿ ಬೇರು ಕೆಳಕ್ಕೆ ಬಾಗುತ್ತದೆ, ತಿರುಗುವುದರಲ್ಲಿ ಮೊದಲು ಚಾಚಿದ ದಿಕ್ಕಿನಲ್ಲೇ ಸಾಗುತ್ತದೆ. ಇಲ್ಲಿ ಗುರುತ್ವ ಇಲ್ಲವಾಯಿತು ಎಂದು ಬರೆಯಬೇಡಿ. ತಾಸಿಗೊಂದು ಸುತ್ತಿನಲ್ಲಿ ಅದು ಎಲ್ಲ ಬದಿಗೂ ಸಮನಾಗಿ ಬೀಳುವುದರಿಂದ ಪಿಷ್ಟದ ಕಣಗಳಿಗೆ ಒಂದೆಡೆ ಕೂರಲು ಪುರುಸೊತ್ತಿಲ್ಲ.